ಭಜನೆ ಮುಗಿದ ಮೇಲಿನ ಕೆಮ್ಮು

ಕೊರಿಯರಿನವನು ಕೊಟ್ಟುಹೋದ ಲಕೋಟೆ ಒಡೆದಾಗ ಮೊದಲು ಹೊರಬಂದದ್ದು ತಂಬಾಕಿನ ವಾಸನೆ. ಆಮೇಲೆ ಒಂದು ಕ್ಯಾಸೆಟ್ಟು. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದ ನನಗೆ ಆ ವಾಸನೆಯನ್ನು ಯಾರೂ ಗುರುತು ಹಿಡಿದುಕೊಡಬೇಕಾಗಿಲ್ಲ. ಆದರೆ ಲಕೋಟೆ ಬಂದದ್ದು ಅಥಣಿಯಿಂದ, ಕ್ಯಾಸೆಟ್ಟಿನ ಮೇಲಿದ್ದ ಚೀಟಿಯಲ್ಲಿ ನೇರಳೆ ಶಾಯಿಯಿಂದ ‘ಮುಗಳಖೋಡ ಭಜನೆ’ ಎಂದಿತ್ತು. ‘ಡ’ ಅಕ್ಷರ ಸೊಟ್ಟಗೆ, ಅಂಚು ಹರಿದಂತೆ ಮೂಡಿತ್ತು. ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ಬ್ಲೇಡಿನಿಂದ ಕೊರೆದು ಮಾಡಿದ ಠಸೆ ಅದು. ಅಂಥ ಠಸೆ ಮಾಡುತ್ತಿದ್ದ ಮನುಷ್ಯ ಈ ಕಡೆಯ ಐದು ತಾಲೂಕುಗಳಲ್ಲಿ ಒಬ್ಬರೇ ಇದ್ದರು. ನಾನು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ಸ್ವಲ್ಪ ದೂರ ಸರಿದು ಕುಳಿತೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿ ಸವೆದವನು ನಾನು. ನಿದ್ದೆ ಮಾಡುತ್ತಿರುವವನು ನಿಜವಾಗಿ ನಿದ್ದೆ ಮಾಡುತ್ತಿದ್ದಾನೆಂದು ಇವತ್ತಿಗೂ ನಂಬುವುದಿಲ್ಲ. ನಿವೃತ್ತನಾಗಿ ಚಿಕ್ಕೋಡಿಯಲ್ಲಿ ಮನೆ ಮಾಡಿಕೊಂಡ ಮೇಲೂ ಹಾಲಿನವನ ಅಳತೆ, ಡಾಕ್ಟರರ ಚೀಟಿ, ಹೆಂಡತಿ ಹೇಳುವ ತಲೆನೋವು ಎಲ್ಲವನ್ನೂ ತಿರುಗಿಸಿ ನೋಡುತ್ತೇನೆ. ಕೆಲಸಕ್ಕೆ ಸೇರಿ ಹೀಗಾದದ್ದಲ್ಲ, ಹೀಗಿದ್ದುದರಿಂದಲೇ ಆ ಕೆಲಸ ಒಗ್ಗಿತು. ಅವ್ವ ನನ್ನನ್ನು ‘ಹುಟ್ಟಾ ಪೊಲೀಸ’ ಎಂದು ಕರೆಯುತ್ತಿದ್ದಳು.

ಕ್ಯಾಸೆಟ್ಟು ಬರುವ ಒಂದು ವಾರ ಮೊದಲು ಫೋನು ಬಂದಿತ್ತು. ಹೆಣ್ಣು ಧ್ವನಿ. “ಸರ್, ನೀವು ಹಿಂದ ಒಂದ ಹಾಡ ಹಾಡಿದ್ರೆಲ್ರಿ, ಕೆಮ್ಮಿನ ಹಾಡು?”

ನಾನು ಫೋನು ಇಟ್ಟುಬಿಟ್ಟೆ. ಈಗಿನ ಮೋಸಗಾರರು ಹೀಗೆಯೇ ನಯವಾಗಿ ಶುರು ಮಾಡುತ್ತಾರೆ. ಮತ್ತೆ ಬಂತು. “ನಾ ಓಟಿಪಿ ಹೇಳಂಗಿಲ್ಲ” ಎಂದೆ.

“ನನಗ ಓಟಿಪಿ ಬ್ಯಾಡ್ರಿ ಸರ್. ನಾ ಅಥಣಿ ಕಾಲೇಜಿನಾಗ ಪಾಠ ಮಾಡತೀನಿ.”

ಆಕೆ ಹೇಳಿದ್ದು ಹೀಗಿತ್ತು. ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ಕೂಡಿಡುವುದು ಆಕೆಯ ಹವ್ಯಾಸ. ದೊಡ್ಡ ಕಂಪನಿಗಳದ್ದಲ್ಲ. ಯಾವುದೋ ಊರಿನಲ್ಲಿ ನಾಲ್ಕು ಜನ ಕೂಡಿ, ಸಿಕ್ಕ ವಾದ್ಯ ಬಾರಿಸಿ, ಒಂದು ಕೋಣೆಯಲ್ಲಿ ಮುದ್ರಿಸಿ, ಹತ್ತಿಪ್ಪತ್ತು ಪ್ರತಿ ಮಾಡಿ ಹಂಚಿ, ಆಮೇಲೆ ತಾವೇ ಮರೆತುಬಿಟ್ಟ ಹಾಡುಗಳು. ಅವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರೆ ಎಲ್ಲೆಲ್ಲಿಯದೋ ಜನ ಹುಡುಕಿಕೊಂಡು ಬಂದು ಕೇಳುತ್ತಾರಂತೆ. “ಪರದೇಶದಾಗ ಇಂಥಾ ಸಿಟ್ಟಿನ, ಒರಟ ಹಾಡಿಗೆ ಪಂಕ್ ಅಂತಾರ್ರಿ. ನೀವು ನಿಪ್ಪಾಣ್ಯಾಗ ಕುಂತು ಅದನ್ನ ಮಾಡೀರಿ” ಎಂದಳು.

“ನಾವು ಯಾರನ್ನೂ ಕೇಳಿ ಮಾಡಿಲ್ಲ” ಎಂದೆ. “ಇದರಾಗ ನಿಮಗೇನ ಸಿಗತೈತಿ?”

“ಏನೂ ಸಿಗಂಗಿಲ್ರಿ. ಕೇಳಾಕ ಚೊಲೊ ಐತಿ.”

ನನಗೇನೂ ಸಿಗುವುದಿಲ್ಲ ಎನ್ನುವವರ ಚೀಲವನ್ನು ಎರಡು ಸಲ ನೋಡಬೇಕು ಎಂಬುದು ನನ್ನ ಅನುಭವ. ನನ್ನ ನಂಬರು ಯಾರು ಕೊಟ್ಟರು ಎಂದು ಕೇಳಿದೆ. ತನ್ನ ಬಳಿಯ ಇನ್ನೊಂದು ಕ್ಯಾಸೆಟ್ಟಿನ ಠಸೆಯಲ್ಲಿದ್ದ ಅಂಗಡಿಯ ವಿಳಾಸ ಹಿಡಿದು ನಿಪ್ಪಾಣಿಗೆ ಹೋಗಿದ್ದಳಂತೆ, ಅಲ್ಲಿ ಅಂಗಡಿಯವರ ಹೆಂಡತಿ ಕೊಟ್ಟರಂತೆ. ನನ್ನ ನಂಬರು ಅವರ ಬಳಿ ಯಾಕಿತ್ತು ಎಂಬ ಹೊಸ ಸಂಶಯ ಹುಟ್ಟಿತು.

“ಕ್ಯಾಸೆಟ್ ಕಳಸತೀನ್ರಿ. ಭಜನಿ ಐತಿ ಅಂತ ಬಂದ್ ಮಾಡಬ್ಯಾಡ್ರಿ ಮತ್ತ. ಕಡೀತನಕ ಕೇಳ್ರಿ” ಎಂದು ಹೇಳಿ ಆಕೆ ಫೋನು ಇಟ್ಟಳು.

ಕಡೀತನಕ ಕೇಳ್ರಿ… ಇದೇ ಮಾತನ್ನು ಹಿಂದೆ ಒಬ್ಬರು ನನಗೆ ಹೇಳಿದ್ದರು.

ನಿಪ್ಪಾಣಿಯ ಹಳೆಯ ಬಸ್ ನಿಲ್ದಾಣದ ಹಿಂದಿನ ಬೋಳದಲ್ಲಿ, ಅಂದರೆ ಇಕ್ಕಟ್ಟಾದ ಸಂದಿಯಲ್ಲಿ, ಅವರ ಅಂಗಡಿ. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ, ಜೊತೆಗೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುವುದು. ಊರಿಗೆಲ್ಲ ಅವರು ಕ್ಯಾಸೆಟ್ ಚಾಚಾ. ಬಿಳಿ ಟೋಪಿ, ಕಿವಿಯ ಮೇಲೆ ಸ್ಕ್ರೂ ಡ್ರೈವರು, ಮೂಗಿನ ತುದಿಯಲ್ಲಿ ಕನ್ನಡಕ. ಅಂಗಡಿಯ ಹಿಂದೆ ಒಂದು ಕೋಣೆ. ಅದರ ಗೋಡೆಗೆಲ್ಲ ಕೌದಿ ತೂಗುಹಾಕಿ ಮುದ್ರಣದ ಕೋಣೆ ಮಾಡಿಕೊಂಡಿದ್ದರು. ಹಳ್ಳಿಗಳಿಂದ ಭಜನೆಯವರು ಬರುತ್ತಿದ್ದರು, ಮೊಹರಮ್ಮಿನ ರಿವಾಯತ್ ಪದ ಹಾಡುವವರು ಬರುತ್ತಿದ್ದರು, ಭೀಮಗೀತೆ ಹಾಡುವವರು ಮರಾಠಿಯಲ್ಲೂ ಕನ್ನಡದಲ್ಲೂ ಹಾಡಿಹೋಗುತ್ತಿದ್ದರು. ಚಾಚಾ ಎಲ್ಲರಿಗೂ ಒಂದೇ ಮೈಕು ಇಡುತ್ತಿದ್ದರು, ಎಲ್ಲರಿಗೂ ಒಂದೇ ಸಮ ಬೈಯುತ್ತಿದ್ದರು. ಮಾಡಿದ ಕ್ಯಾಸೆಟ್ಟುಗಳನ್ನು ತಂಬಾಕಿನ ವಖಾರಿಗಳು, ಅಂದರೆ ಗೋದಾಮುಗಳು, ಬಿಸಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅದಕ್ಕೇ ಆ ವಾಸನೆ.

ಅವರದೊಂದು ವಿಚಿತ್ರ ನೇಮವಿತ್ತು. ಕ್ಯಾಸೆಟ್ಟಿನ ಕೊನೆಯಲ್ಲಿ ಖಾಲಿ ಟೇಪು ಬಿಡುತ್ತಿರಲಿಲ್ಲ. ಭಜನೆ ಮಂಗಳಾರತಿಗೆ ಬಂದು ಮುಗಿದಾಗ ಐದಾರು ನಿಮಿಷದ ಟೇಪು ಉಳಿದರೆ ಅಲ್ಲಿ ಏನಾದರೂ ತುಂಬಿಸಲೇಬೇಕು. ಗುಬ್ಬಿಯ ಚಿಲಿಪಿಲಿ, ಬಸ್ ನಿಲ್ದಾಣದ ಗದ್ದಲ, ಒಮ್ಮೆ ಮನೆಯ ಕುಕ್ಕರಿನ ಸೀಟಿ. ಯಾಕೆ ಎಂದು ಕೇಳಿದರೆ, “ಗಿರಾಕಿ ಪೂರಾ ಕ್ಯಾಸೆಟ್ ತಗೊಂಡಾನ ಬೇಟಾ. ಖಾಲಿ ಟೇಪ್ ಕೊಟ್ರ ಅದು ಕಳವು ಆಗತೈತಿ” ಎನ್ನುತ್ತಿದ್ದರು. ಮಂಗಳಾರತಿ ಆದ ಮೇಲೆ ಯಾರು ತಾನೆ ಕೇಳುತ್ತಾರೆ? ಎಲ್ಲರೂ ಟಕ್ಕನೆ ಬಂದ್ ಮಾಡಿ ಕ್ಯಾಸೆಟ್ಟಿನ ಮಗ್ಗುಲು ಬದಲಿಸುತ್ತಾರೆ. ಅದನ್ನೇ ಹೇಳಿ ನಾವು ಅವರನ್ನು ಕಾಡುತ್ತಿದ್ದೆವು. ಅವರು ನಕ್ಕು, ಕೊನೆಯವರೆಗೆ ಕೇಳುವ ಒಬ್ಬನಾದರೂ ಎಲ್ಲೋ ಇರುತ್ತಾನೆ ಎನ್ನುತ್ತಿದ್ದರು.

ನಾವು ಎಂದರೆ ಮೂವರು. ಗಣಪತಿ ಮೆರವಣಿಗೆಯಲ್ಲಿ ಬೆಂಜೋ ನುಡಿಸುತ್ತಿದ್ದ ಒಬ್ಬ ಗೆಳೆಯ, ಹಲಗಿ ಬಾರಿಸುತ್ತಿದ್ದ ಇನ್ನೊಬ್ಬ, ಮತ್ತು ಏನೂ ಬಾರದೆ ಬರೀ ಕೂಗುತ್ತಿದ್ದ ನಾನು. ಹಾಡಿನ ಮಾತು ನಾನೇ ಕಟ್ಟುತ್ತಿದ್ದೆ. ಆಗ ನಮಗೆ ಇಪ್ಪತ್ತು ಇಪ್ಪತ್ತೊಂದು ವಯಸ್ಸು. ಕೆಲಸವಿಲ್ಲ, ಸಿಟ್ಟು ಬೇಕಾದಷ್ಟು. ರಾಗ ತಾಳ ಅಂತೆಲ್ಲ ಏನೂ ಇರಲಿಲ್ಲ. ಬೆಂಜೋವನ್ನು ಚಾಚಾ ಒಂದು ಹಳೆಯ ರೇಡಿಯೊದ ಹರಿದ ಸ್ಪೀಕರಿಗೆ ಜೋಡಿಸಿಕೊಟ್ಟಿದ್ದರು. ಅದು ಗರಗಸ ಎಳೆದಂತೆ ಕಿರುಚುತ್ತಿತ್ತು. ನಮಗೆ ಅದೇ ಬೇಕಾಗಿತ್ತು. ಚಾಚಾ ಎರಡೂ ಕಿವಿ ಮುಚ್ಚಿಕೊಂಡು, “ಮಿಶೀನ್ ಕೆಟ್ಟೈತಿ ಅಂತ ಮಂದಿ ತಿಳ್ಕೋತಾರಲೇ” ಎಂದರೂ ಸರಿ ಮಾಡಲು ಹೋಗಲಿಲ್ಲ.

ಅವ್ವ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ನಸುಕಿನಲ್ಲಿ ಹೋದರೆ ಸಂಜೆ ಬರುವಾಗ ರೆಪ್ಪೆಯ ಕೂದಲಿಗೂ ಧೂಳು. ಅವಳೊಬ್ಬಳೇ ಅಲ್ಲ, ನಮ್ಮ ಓಣಿಯ ಹೆಂಗಸರೆಲ್ಲ ಕೆಮ್ಮುತ್ತಲೇ ಮಾತಾಡುತ್ತಿದ್ದರು. ಆ ಕೆಮ್ಮಿನ ಮೇಲೆ ಒಂದು ಹಾಡು ಕಟ್ಟಿದೆ. “ಕೆಮ್ಮು, ಕೆಮ್ಮು, ಜೋರಲೆ ಕೆಮ್ಮು, ಮಾಡೀ ಮ್ಯಾಲಿನವ್ರಿಗಿ ಕೇಳಲಿ ಕೆಮ್ಮು.” ಇಷ್ಟನ್ನೇ ತಿರುತಿರುಗಿ ಕೂಗುವುದು. ಎರಡೂವರೆ ನಿಮಿಷ. ಶುರುವಿಗೆ ಒಂದು ಎರಡು ಮೂರು ಎನ್ನುವ ಬದಲು ನಾಲ್ಕು ಸಲ ಕೆಮ್ಮುವುದು, ಆಮೇಲೆ ಹಲಗಿ ಬೀಳಬೇಕು.

ಮುದ್ರಣದ ದಿನ ವಖಾರಿಗೆ ರಜೆ. ಮಧ್ಯಾಹ್ನ ಹಲಗಿಯವನು ಬೋಳದಲ್ಲಿ ಕಾಗದ ಸುಟ್ಟು ಚರ್ಮ ಕಾಯಿಸುತ್ತಿದ್ದ. ನಾವು ಮೈಕಿನ ಮುಂದೆ ಕೆಮ್ಮು ಅಭ್ಯಾಸ ಮಾಡುತ್ತಿದ್ದೆವು. ಅವ್ವ ನಮಗೆಲ್ಲ ರೊಟ್ಟಿ ಕಟ್ಟಿಕೊಂಡು ಬಂದವಳು ಬಾಗಿಲಲ್ಲೇ ನಿಂತು ನಗತೊಡಗಿದಳು. “ಇದೇನ್ ಕೆಮ್ಮೋ? ಬೆಕ್ಕ ಸೀನಿದಂಗ ಐತಿ.”

“ಹಂಗಾರ ನೀವ ತೋರಸ್ರಿ ಅಕ್ಕಾ” ಎಂದರು ಚಾಚಾ.

ಅವ್ವ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. ಕೆಮ್ಮು ಬರಿಸಿಕೊಳ್ಳಲು ಅವಳು ಕಷ್ಟಪಡಬೇಕಾಗಿರಲಿಲ್ಲ. ನಾಲ್ಕು ಸಲ ಕೆಮ್ಮಿದಳು, ಹಲಗಿ ಬಿತ್ತು, ಬೆಂಜೋ ಕಿರುಚಿತು, ನಾನು ಕೂಗಿದೆ. ಹಾಡು ಮುಗಿದ ಮೇಲೆ ಚಾಚಾ ಸ್ವಲ್ಪ ಹೊತ್ತು ಟೇಪು ನಿಲ್ಲಿಸಲಿಲ್ಲ. ಆಮೇಲೆ ಯಂತ್ರ ಬಂದ್ ಮಾಡಿ, ಇನ್ನೊಮ್ಮೆ ಮಾಡುವುದು ಬೇಡ, ಇದೇ ಸರಿ ಎಂದರು.

ಇಪ್ಪತ್ತೈದು ಪ್ರತಿ ಮಾಡಿದೆವು. ಚಪ್ಪಲಿಯ ಠಸೆ ಒತ್ತಿ ನಾವೇ ಚೀಟಿ ಅಂಟಿಸಿದೆವು. ನಿಲ್ದಾಣದ ಚಹಾದಂಗಡಿಯಲ್ಲಿ ಒಂದು ವಾರ ಅದೇ ಹಾಡು. ನಮ್ಮ ಕೂಗು ಕೇಳಿ ಚಹಾ ಕುಡಿಯುವವರು ಎದ್ದುಹೋಗುತ್ತಿದ್ದರು, ನಮಗೆ ಅದೂ ಹೆಮ್ಮೆಯೇ. ಆದರೆ ಹೆಂಗಸರಿಗೆ ಹಾಡು ಹಿಡಿಸಿತು. ವಖಾರಿಯೊಳಗೆ ಜರಡಿ ಆಡಿಸುತ್ತ ಆ ಎರಡು ಸಾಲನ್ನು ಗುನುಗತೊಡಗಿದರು.

ಅಲ್ಲಿಂದ ಮುಂದೆ ನಾನು ಕಣ್ಣಾರೆ ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುತ್ತೇನೆ. ಸೋಮವಾರ ವಖಾರಿಯಲ್ಲಿ ಹೆಂಗಸರ ಮೇಲ್ವಿಚಾರಣೆ ಮಾಡುವ ಮುಕಾದಮ ಚಾಚಾನ ಅಂಗಡಿಯ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಗುರುವಾರ ಅಂಗಡಿಯಲ್ಲಿ ವಖಾರಿಯ ಮಾಲೀಕ ಸಾವಕಾರರ ಮನೆಯ ದೊಡ್ಡ ಆಂಪ್ಲಿಫೈಯರು ಬಂದು ಕುಳಿತಿತ್ತು. ಶನಿವಾರ ನಮ್ಮ ಕ್ಯಾಸೆಟ್ಟುಗಳಿದ್ದ ಪೆಟ್ಟಿಗೆ ಇರಲಿಲ್ಲ. ಚಹಾದಂಗಡಿಯಲ್ಲಿದ್ದ ಪ್ರತಿಯೂ ಇರಲಿಲ್ಲ. ಚಾಚಾ ಬಂದು ತೆಗೆದುಕೊಂಡು ಹೋದರು ಎಂದ ಚಹಾದವನು.

“ಹಾಡು ಎಲ್ಲಿ ಚಾಚಾ?” ಎಂದೆ.

ಅವರು ತಲೆ ಎತ್ತಲಿಲ್ಲ. “ಅಳಿಸೀನಿ.”

“ಯಾಕ?”

“ಯಾಕಂತ ಕೇಳಬ್ಯಾಡ ಬೇಟಾ.”

ಕೇಳಬೇಡ ಎಂದರೆ ನನ್ನಂಥವನಿಗೆ ಎಲ್ಲ ಹೇಳಿದಂತೆಯೇ. ಬೋಳದ ಬಾಯಿಗೆ ಬಂದು, ಬಸ್ಸಿಗೆ ಕಾದವರೆಲ್ಲ ಕೇಳುವ ಹಾಗೆ ಕೂಗಿದೆ. ಸಾವಕಾರನ ಚಾಕರಿ ಮಾಡುವವನು, ಒಂದು ಆಂಪ್ಲಿಫೈಯರಿಗೆ ನಮ್ಮನ್ನು ಮಾರಿದವನು ಎಂದೆಲ್ಲ ಅಂದೆ. ಬೆಂಜೋದವನು ನನ್ನ ಬಾಯಿ ಮುಚ್ಚಲು ನೋಡಿದ, ಅವನನ್ನೂ ತಳ್ಳಿದೆ. ಚಾಚಾ ಅಂಗಡಿಯ ಹೊಸ್ತಿಲಲ್ಲಿ ಸ್ಕ್ರೂ ಡ್ರೈವರು ಹಿಡಿದು ನಿಂತೇ ಇದ್ದರು. ತಪ್ಪು ಮಾಡಿದವನೇ ಹೀಗೆ ನಿಲ್ಲುವುದು ಎಂದುಕೊಂಡೆ.

ಮನೆಯಲ್ಲಿ ಹೇಳಿದಾಗ ಅವ್ವ ಒಲೆಯ ಕಡೆಗೆ ಮುಖ ತಿರುಗಿಸಿ, “ಹೋಗ್ಲಿ ಬಿಡೋ, ಹಾಡ ಹೋದ್ರ ಮತ್ತೊಂದ ಕಟ್ಟು” ಎಂದಳು. ಅವಳಿಗೆ ಚಾಚಾನ ಮೇಲೆ ಮರುಕ ಎಂದುಕೊಂಡೆ. ಎಲ್ಲರನ್ನೂ ಸಂಶಯದಿಂದ ನೋಡುವ ನಾನು ಅವ್ವನ ಆ ಮಾತನ್ನು ಮಾತ್ರ ತಿರುಗಿಸಿ ನೋಡಲಿಲ್ಲ.

ಮತ್ತೊಂದು ಹಾಡು ಕಟ್ಟಲಿಲ್ಲ. ಬೆಂಜೋದವನು ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ, ಹಲಗಿಯವನು ಎಲ್ಲಿ ಹೋದನೋ… ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವ್ವ ಎದೆಯ ರೋಗದಿಂದ ತೀರಿಕೊಂಡಳು. ಅವಳದೊಂದು ಚಿತ್ರ ರೇಷನ್ ಕಾರ್ಡಿನಲ್ಲಿ ಇತ್ತು, ಅದರಲ್ಲೂ ಠಸೆಯ ಮಸಿ ಅರ್ಧ ಮುಖ ತಿಂದಿತ್ತು. ಧ್ವನಿ ಎಲ್ಲೂ ಇರಲಿಲ್ಲ. ಇದ್ದದ್ದು ಒಂದೇ ಕಡೆ, ಅದನ್ನು ಚಾಚಾ ಅಳಿಸಿದ್ದರು. ಹಾಡು ಅಳಿಸಿದ ಸಿಟ್ಟು ಒಂದು ತೂಕದ್ದಾದರೆ ಇದು ಇನ್ನೊಂದು ತೂಕದ್ದು. ತಿಂಗಳು ಕಳೆದ ಮೇಲೆ ಒಂದು ದಿನ ಅವರ ಅಂಗಡಿಯ ಎದುರಿನವರೆಗೆ ಹೋಗಿ ನಿಂತೆ. ಯಾವುದೋ ಮೂಲೆಯಲ್ಲಿ ಒಂದು ತುಂಡು ಟೇಪಾದರೂ ಉಳಿದಿದೆಯೇ ಎಂದು ಕೇಳಬೇಕೆನಿಸಿತ್ತು. ಅವರು ಒಳಗೆ ಬೆಸುಗೆ ಹಾಕುತ್ತಿದ್ದರು. ಕೇಳದೆ ತಿರುಗಿ ಬಂದೆ. ನಾನು ಮೊದಲು ಮಾತಾಡಿದರೆ ಸೋತ ಹಾಗೆ ಎಂಬ ಹುಚ್ಚು ಹಟ.

ಕಂಡಕ್ಟರಾಗಿ ಸೇರಿ, ಪರೀಕ್ಷೆ ಕಟ್ಟಿ, ತಪಾಸಣೆಯವನಾದೆ. ಆ ಖಾಕಿ ಕೋಟು ಹಾಕಿಕೊಂಡ ಮೇಲೆ ನನ್ನ ಸಂಶಯಕ್ಕೆ ಸರ್ಕಾರಿ ಮೊಹರು ಬಿದ್ದಂತಾಯಿತು. ಅವ್ವ ಹೋಗಿ ಏಳೆಂಟು ವರ್ಷವಾಗಿದ್ದಿರಬೇಕು. ರಾಯಬಾಗ ದಾಟಿ ಮುಗಳಖೋಡಕ್ಕೆ ಹೊರಟ ಬಸ್ಸನ್ನು ಕೈಮಾಡಿ ನಿಲ್ಲಿಸಿ ಹತ್ತಿದೆ. ಹಿಂದಿನ ಸೀಟಿನಲ್ಲಿ ಚಾಚಾ. ಗಡ್ಡ ಬೆಳ್ಳಗಾಗಿತ್ತು. ಕಾಲ ಬುಡದಲ್ಲಿ ತಂಬಾಕಿನ ರಟ್ಟಿನ ದೊಡ್ಡ ಪೆಟ್ಟಿಗೆ.

ನೋಡಿದ ಕೂಡಲೇ ಗುರುತು ಹತ್ತಿತು. ಹತ್ತದವನ ಹಾಗೆ ಟಿಕೆಟ್ ಕೇಳಿದೆ. ಟಿಕೆಟ್ ಇತ್ತು. ಲಗೇಜಿನ ಟಿಕೆಟ್ ಇರಲಿಲ್ಲ.

“ಭಜನಿ ಕ್ಯಾಸೆಟ್ ಅದಾವ ಅಂದ್ರು, ನಾ ಬಿಟ್ಟೆ” ಎಂದು ಕಂಡಕ್ಟರು ತಲೆ ಕೆರೆದುಕೊಂಡ.

ನಾನು ಪೆಟ್ಟಿಗೆ ಬಿಚ್ಚಿಸಿದೆ. ಬಸ್ಸನ್ನು ನಿಲ್ಲಿಸಿಕೊಂಡೇ ಒಂದೊಂದು ಕ್ಯಾಸೆಟ್ಟನ್ನೂ ಹೊರಗೆ ತೆಗೆದು ನೋಡಿದೆ. ಕೆಳಗೆ ಬೇರೆ ಏನೋ ಇರಬಹುದು, ದೇವರ ಹೆಸರಿನಲ್ಲಿ ಏನನ್ನೋ ಸಾಗಿಸುತ್ತಿರಬಹುದು ಎಂದು. ಏನೂ ಇರಲಿಲ್ಲ. ತಳದವರೆಗೂ ಭಜನೆಯೇ. ಜನ ತಡವಾಗುತ್ತದೆ ಎಂದು ಗೊಣಗುತ್ತಿದ್ದರು. ಚಾಚಾ ಬಾಗಿ ಅವನ್ನೆಲ್ಲ ಮತ್ತೆ ಜೋಡಿಸಿದರು. ಜೋಡಿಸುತ್ತ ಒಂದನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡು ನನ್ನ ಕಡೆ ಚಾಚಿದರು.

“ಸಾಹೇಬ್ರ, ಇದೊಂದ ಇಟ್ಕೋರಿ. ಕಡೀತನಕ ಕೇಳ್ರಿ.”

“ಲಂಚ ಕೊಡತೀಯೇನ?” ಎಂದೆ. ಚಾಚಾ ಎಂದು ಕರೆಯುತ್ತಿದ್ದ ಮನುಷ್ಯನಿಗೆ ಏಕವಚನ. ಬಸ್ಸಿನಲ್ಲಿ ಯಾರೋ ನಕ್ಕರು. ದಂಡದ ರಸೀದಿ ಹರಿದುಕೊಟ್ಟೆ. ಅಷ್ಟಕ್ಕೆ ಬಿಡದೆ, ವರದಿಯಲ್ಲೂ ಬರೆದೆ. ಸಿಬ್ಬಂದಿಗೆ ಆಮಿಷ ಒಡ್ಡಿದ ವಸ್ತು: ಭಜನೆ ಕ್ಯಾಸೆಟ್, ಒಂದು. ಆ ದಿನ ಡಿಪೋದಲ್ಲಿ ನನ್ನ ಪ್ರಾಮಾಣಿಕತೆಯನ್ನು ನಾನೇ ನಾಲ್ಕು ಜನಕ್ಕೆ ಹೇಳಿಕೊಂಡೆ.

ಕೆಲವು ವರ್ಷಗಳ ಮೇಲೆ ಚಾಚಾ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲಿಲ್ಲ. ಡ್ಯೂಟಿ ಇತ್ತು ಎಂದು ಕೇಳಿದವರಿಗೆ ಹೇಳಿದೆ. ನಿಜವಾಗಿ ಅವತ್ತು ನನ್ನ ವಾರದ ರಜೆ.

ಇಷ್ಟೆಲ್ಲ ಆದ ಮೇಲೆ ಈಗ ಈ ಕ್ಯಾಸೆಟ್ಟು ನನ್ನ ಮೇಜಿನ ಮೇಲೆ ಬಂದು ಕುಳಿತಿತ್ತು. ಕೇಳಲು ಮನೆಯಲ್ಲಿ ಯಂತ್ರವಿಲ್ಲ. ನಾನೇ ಅಥಣಿಗೆ ಫೋನು ಮಾಡಿದೆ.

“ಮೇಡಂ, ಇದರ ಕಡೀಕ ನಮ್ಮ ಹಾಡ ಇದ್ರ, ಹಳೇ ಹಾಡಿನ ಮ್ಯಾಲ ಭಜನಿ ತುಂಬಿಸ್ಯಾರ. ಪೂರಾ ಅಳಿಸಿಲ್ಲ, ಬಾಲ ಉಳದೈತಿ. ಅಷ್ಟ ಇದು” ಎಂದೆ.

“ನಾನೂ ಮೊದಲ ಹಂಗ ಅಂದ್ಕೊಂಡಿದ್ದೆರಿ. ಆದ್ರ ನನ್ನ ಕಡೆ ಇಂಥಾವು ಮೂರು ಅದಾವ. ಮುಗಳಖೋಡದ ಭಜನಿ ನಿಮಗ ಕಳಸೀನಿ. ದಿಗ್ಗೇವಾಡಿ ಕಡೆ ಸಿಕ್ಕ ರಿವಾಯತ್ ಒಂದು. ಕಾಗವಾಡದ ಭೀಮಗೀತೆ ಒಂದು. ಮೂರರಾಗೂ ಕಡೀಕ ನಿಮ್ಮ ಹಾಡು.”

“ಹಾಡಿನ ನಡುವಿಂದ ಶುರು ಆಗತೈತೇನು?”

“ಇಲ್ರಿ. ಮೂರರಾಗೂ ಮೊದಲ್ನೇ ಕೆಮ್ಮಿನಿಂದನ.”

ಈ ಮಾತು ಕೇಳಿ ನನ್ನೊಳಗಿನ ತಪಾಸಣೆಯವನು ನೆಟ್ಟಗೆ ಕುಳಿತ. ಅಳಿಸುವಾಗ ಅರ್ಧಂಬರ್ಧ ಉಳಿದದ್ದಾದರೆ ಒಂದರಲ್ಲಿ ನಡುವಿನಿಂದ, ಇನ್ನೊಂದರಲ್ಲಿ ಕೊನೆಯ ಸಾಲಿನಿಂದ ಕೇಳಬೇಕಿತ್ತು. ಮೂರು ಬೇರೆ ಬೇರೆ ಅಳತೆಯ ಕ್ಯಾಸೆಟ್ಟುಗಳಲ್ಲಿ, ಮೂರೂ ಸಲ ಮೊದಲ ಕೆಮ್ಮಿನಿಂದ ಶುರುವಾಗಬೇಕಾದರೆ ಯಾರೋ ಕೂತು ಬೇಕೆಂದೇ ತುಂಬಿಸಿರಬೇಕು. ಖಾಲಿ ಟೇಪು ಬಿಡದ ಮನುಷ್ಯ ಅವರು.

ಆಕೆಗೆ ಈ ಹಾಡು ಸಿಕ್ಕ ಬಗೆಯನ್ನೂ ಹೇಳಿದಳು. ಅಥಣಿ ಹತ್ತಿರದ ಅನಂತಪುರದಲ್ಲಿ ಆಕೆಯ ಅಜ್ಜಿ ಮಧ್ಯಾಹ್ನ ಭಜನೆ ಹಚ್ಚಿ ಮಲಗುತ್ತಿದ್ದಳಂತೆ. ನಿದ್ದೆ ಹತ್ತಿದ ಮೇಲೆ ಕ್ಯಾಸೆಟ್ಟು ತಾನೇ ಕೊನೆಯವರೆಗೆ ಓಡುತ್ತಿತ್ತು. “ವರ್ಷಗಟ್ಟಲೆ ಅಜ್ಜಿ, ಬಾಗಲಾಗ ಯಾರೋ ಹೆಣ್ಮಗಳು ಕೆಮ್ಮಾಕತ್ಯಾಳ ನೋಡ್ರೆವಾ, ನೀರ ಕೊಡ್ರಿ ಅಂತಿದ್ಲು. ನಾವು ಆಕಿಗಿ ಭ್ರಮಿ ಅಂತಿದ್ವಿ.”

ನೀರು ಕೊಡಿ ಎಂದಳಲ್ಲ ಆ ಅಜ್ಜಿ… ನಾನು ಮರುದಿನ ನಿಪ್ಪಾಣಿಯ ಬಸ್ಸು ಹತ್ತಿದೆ.

ಚಾಚಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಹಿಂದಿನ ಕೋಣೆಯಲ್ಲಿ ಚಾಚಿ ಒಬ್ಬರೇ ಇದ್ದರು. ಬೆನ್ನು ಬಾಗಿದೆ, ಕಿವಿ ಚುರುಕಾಗಿದೆ. ನನ್ನ ಕೈಯಲ್ಲಿದ್ದ ಕ್ಯಾಸೆಟ್ಟು ನೋಡಿ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಟೇಪ್ ರೆಕಾರ್ಡರನ್ನು ತೋರಿಸಿದರು. ನಾನು ಕ್ಯಾಸೆಟ್ಟು ಹಾಕಿ ಮುಂದಕ್ಕೆ ಓಡಿಸಲು ಗುಂಡಿಗೆ ಕೈ ಹಚ್ಚಿದೆ.

“ಓಡಸಬ್ಯಾಡ. ಟೇಪ್ ಹಳೇದಾಗೈತಿ, ಹರಕೊಂಡ ಹೋಗತೈತಿ. ಭಜನಿ ಪೂರಾ ಕೇಳು.”

ತಾಳ, ದಮಡಿ, ಹಾರ್ಮೋನಿಯಂ ಶುರುವಾದವು. ಎದುರುಬದುರು ಕುಳಿತೆವು. ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ. “ಚಾಚಾ ಅಳಿಸೀನಿ ಅಂದಿದ್ರು. ಮತ್ತ ಇದು ಎಲ್ಲಿಂದ ಬಂತು?”

“ಅಳಸು ಅಂತ ನಿಮ್ಮವ್ವ ಬಂದಿದ್ಲು” ಎಂದರು ಚಾಚಿ.

ನನಗೆ ಸಿಟ್ಟು ಬಂತು. ಸತ್ತವರ ಮೇಲೆ ಹೊರೆ ಹಾಕುವುದು ಸುಲಭ. ಗಂಡನ ಹೆಸರು ಉಳಿಸಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಚಾಚಿಗೆ ಅದು ಮುಖದಲ್ಲೇ ಕಂಡಿರಬೇಕು.

“ನಂಬು, ಇಲ್ಲಾ ಬಿಡು. ಮುಕಾದಮ ಇಲ್ಲಿ ಬಂದು, ಹಾಡಿನಾಗ ಕೆಮ್ಮಿದಾಕಿ ಯಾರು ಅಂತ ಕೇಳಿದ್ದ. ಇವ್ರು ಹೇಳಲಿಲ್ಲ. ನಿಮ್ಮವ್ವಗ ಅದು ಗೊತ್ತಾತು. ಇಲ್ಲೇ ಬಂದು ಕುಂತು ಅತ್ಲು. ಕೆಲಸ ಹೋದ್ರ ಮನಿ ನಡ್ಯಾಂಗಿಲ್ಲ ಭಾಯಿ, ಎಲ್ಲಾ ಅಳಸ್ರಿ. ನನ್ನ ಮಗಗ ಮಾತ್ರ ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ. ಅವ ಸಿಟ್ಟಿಲೆ ವಖಾರಿಗಿ ಹೋಗಿ ಜಗಳ ತಗೀತಾನ ಅಂದ್ಲು. ಇವ್ರು ಮಾತ ಕೊಟ್ರು.”

“ಆ ಆಂಪ್ಲಿಫೈಯರು?”

“ರಿಪೇರಿಗಿ ಬಂದಿತ್ತು. ಅಂಗಡ್ಯಾಗ ಮತ್ತೇನ ಬರತೈತಿ?”

ಭಜನೆ ನಡೆದೇ ಇತ್ತು. ನಾನು ಇನ್ನೂ ಬಿಡಲಿಲ್ಲ. ಅಳಿಸಲು ಮಾತು ಕೊಟ್ಟವರು ಒಂದನ್ನು ಯಾಕೆ ಉಳಿಸಿಕೊಂಡರು ಎಂದು ಕೇಳಿದೆ. ಅದೊಂದನ್ನು ಅಳಿಸಲು ಅವರ ಕೈ ಏಳಲಿಲ್ಲ ಎಂದರು ಚಾಚಿ. ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರಂತೆ. ಅವ್ವ ಇರುವವರೆಗೆ ಹೊರಗೆ ತೆಗೆಯಲಿಲ್ಲವಂತೆ. ಅವಳು ಹೋದ ಮೇಲೆ ಎರಡು ಸಲ ನಮ್ಮ ಮನೆಯ ಬಾಗಿಲಿಗೆ ಬಂದು, ನಾನು ಮುಖ ತಿರುಗಿಸಿ ಒಳಗೆ ಹೋದದ್ದು ನೋಡಿ ಹಿಂತಿರುಗಿದರಂತೆ. ಆ ಎರಡು ಸಲವೂ ನನಗೆ ನೆನಪಿದೆ. ಸಂಧಾನಕ್ಕೆ ಬಂದಿದ್ದಾರೆ, ಸೊಕ್ಕು ಇಳಿದಿದೆ ಎಂದು ಒಳಗೆ ನಿಂತು ಖುಷಿಪಟ್ಟಿದ್ದೆ.

“ಆಮ್ಯಾಲ ಎಲ್ಲಾ ಕ್ಯಾಸೆಟ್ಟಿನ ಕಡೀಕ ಅದನ್ನ ಹಾಕಾಕ ಹತ್ತಿದ್ರು. ಭಜನಿ ಮನಿಮನಿಗಿ ಹೋಗತೈತಿ, ಒಬ್ಬನರೆ ಕಡೀತನಕ ಕೇಳತಾನ, ಆ ಹುಡುಗನ ಕಿವಿಗಿ ಮುಟ್ಟತೈತಿ ಅಂತಿದ್ರು. ನಿನ್ನ ನಂಬರ ಯಾರ ಕಡೆಯಿಂದೋ ತಗೊಂಡ ಬರದಿಟ್ಟಿದ್ರು. ಮಾಡಾಕ ಮಾತ್ರ ಅಂಜತಿದ್ರು. ನೀ ಸಾಹೇಬ ಆಗಿದ್ದೆಲ್ಲಪಾ.”

ನಾನು ತಲೆ ತಗ್ಗಿಸಿ, ಮುಗಳಖೋಡದ ಬಸ್ಸಿನ ಮಾತು ಎತ್ತಿದೆ. ಚಾಚಿಗೆ ಗೊತ್ತಿತ್ತು. ಅವತ್ತು ಮನೆಗೆ ಬಂದು ಏನೆಂದರು ಎಂದು ಕೇಳಿದೆ.

“ಏನೂ ಬೈಲಿಲ್ಲ. ಹುಡುಗ ಚೊಲೊ ಚೆಕಿಂಗ್ ಮಾಡತಾನ, ಡಬ್ಬಿ ತಳದ ತನಕ ನೋಡಿದ ಅಂದ್ರು. ಕೇಳ ಅಂದಿದ್ದ ಒಂದ ಕೇಳಲಿಲ್ಲ ಅಂದ್ರು.”

ಮಂಗಳಾರತಿ ಬಂತು, ಮುಗಿಯಿತು. ಸರಸರ ಎಂಬ ಸದ್ದು. ಚಾಚಿ ಕೈ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದರು. ಆಮೇಲೆ ಚಾಚಾನ ಧ್ವನಿ ಬಂತು. “ಹಾಂ ಅಕ್ಕಾ, ಈಗ.” ಒಂದು ಕೆಮ್ಮು. ಎರಡು. ಮೂರು. ನಾಲ್ಕು. ಹಲಗಿ ಬಿತ್ತು, ಬೆಂಜೋ ಕಿರುಚಿತು, ಇಪ್ಪತ್ತು ವರ್ಷದ ನಾನು ಬಾಯಿ ಹರಿಯುವ ಹಾಗೆ ಕೂಗತೊಡಗಿದೆ. ಎಂಥ ಕೆಟ್ಟ ಹಾಡು, ಎಂಥ ಜೀವ ಇದ್ದ ಹಾಡು. ಎರಡೂವರೆ ನಿಮಿಷಕ್ಕೆ ಮುಗಿದುಹೋಯಿತು. ನಾನು ಬಂದ್ ಮಾಡಲು ಎದ್ದೆ. ಚಾಚಿ ನನ್ನ ಕೈ ಹಿಡಿದು ಕೂರಿಸಿದರು.

ಹಾಡು ಮುಗಿದ ಮೇಲೆ ಚಾಚಾ ಟೇಪು ನಿಲ್ಲಿಸಿರಲಿಲ್ಲ ಎಂದೆನಲ್ಲ. ನಾವು ಮೂವರೂ ನಗುತ್ತಿರುವುದು ಕೇಳಿಸಿತು. ಪಾತ್ರೆಯ ಮುಚ್ಚಳ ತೆಗೆದ ಸದ್ದು. ಆಮೇಲೆ ಅವ್ವ, ಈ ಕೋಣೆಯೊಳಗೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಹೇಳಿದಳು.

“ಸಾಕೇನೋ ಮಗಾ? ರೊಟ್ಟಿ ಆರಾಕತ್ತಾವ. ಮೊದಲ ಚಾಚಾಗ ಕೊಡು.”

ಟಕ್ ಎಂದು ಯಂತ್ರ ತಾನೇ ನಿಂತಿತು. ಚಾಚಿ ಸೆರಗಿನಿಂದ ಯಂತ್ರದ ಮೇಲಿನ ಧೂಳು ಒರೆಸಿದರು. ನಾನು ಅಳುವುದನ್ನು ಅವರು ನೋಡಿದರು, ನೋಡದ ಹಾಗೆ ನಟಿಸಲಿಲ್ಲ.

ಹಾಡನ್ನು ಇಂಟರ್‌ನೆಟ್ಟಿಗೆ ಹಾಕಲು ಮೇಡಂಗೆ ಒಪ್ಪಿಗೆ ಕೊಟ್ಟಿದ್ದೇನೆ. ಕೊನೆಯ ಮಾತನ್ನು ಕತ್ತರಿಸಲೇ ಎಂದು ಕೇಳಿದಳು. ಕತ್ತರಿಸಬೇಡಿ ಎಂದೆ. ಈಗ ತಿಂಗಳಿಗೊಮ್ಮೆ ನಿಪ್ಪಾಣಿಗೆ ಹೋಗುತ್ತೇನೆ. ಹೆಂಡತಿ ನಾಲ್ಕು ರೊಟ್ಟಿ ಕಟ್ಟಿಕೊಡುತ್ತಾಳೆ. ಚಾಚಿಯ ಮುಂದೆ ಬಿಚ್ಚಿಟ್ಟು, ಕ್ಯಾಸೆಟ್ಟು ಹಾಕಿ, ಭಜನೆಯನ್ನು ಮೊದಲಿನಿಂದ ಕೇಳುತ್ತೇವೆ. ಅವ್ವ ಹೇಳುತ್ತಾಳೆ, ಚಾಚಾಗ ಕೊಡು. ಕೊಡಲು ಚಾಚಾ ಇಲ್ಲ…